ಚೆಂಡೆಯವನು ಕೋಲು ಕೆಳಗಿಟ್ಟ ಹಾಡು

ಆ ಕ್ಯಾಸೆಟ್ಟಿನ ಎರಡನೆಯ ಬದಿಯಲ್ಲಿ ಮೂರನೆಯ ಹಾಡು ಶುರುವಾದ ಕೂಡಲೇ ನನ್ನ ಕೋಣೆಯ ಗೆಳೆಯ ಮಲಗಿದಲ್ಲಿಂದಲೇ ಕೈ ಚಾಚಿ ಫಾರ್ವರ್ಡ್ ಗುಂಡಿ ಒತ್ತುತ್ತಿದ್ದ. ತೊಂಬತ್ತರ ದಶಕದ ನಡುವಿನ ಎಂಜಿನಿಯರಿಂಗ್ ಹಾಸ್ಟೆಲ್ ಅದು. ರಾಕ್ ಎಂದರೆ ಕಿಟಕಿಯ ಗಾಜು ನಡುಗಬೇಕು, ಪಕ್ಕದ ಕೋಣೆಯವನು ಬಂದು ಬಾಗಿಲು ಬಡಿಯಬೇಕು, ನಾಳೆ ಪರೀಕ್ಷೆಯಿದೆ ಎಂದು ಅಂಗಲಾಚಬೇಕು. ಬರೀ ಒಂದು ಗಿಟಾರ್, ಅದರ ಮೇಲೊಂದು ಮೆಲುದನಿ, ಐದು ನಿಮಿಷ ಅಷ್ಟೇ ಎಂದರೆ ಅವನಿಗೆ ಮೋಸ ಹೋದಂತೆ ಅನ್ನಿಸುತ್ತಿತ್ತು.

ಕ್ಯಾಸೆಟ್ ನಮಗೆ ಸಿಕ್ಕಿದ್ದು ಓದು ಮುಗಿಸಿ ಹೊರಟ ಸೀನಿಯರ್ ಒಬ್ಬರಿಂದ. ಯಾರದೋ ಎಲ್‌ಪಿಯಿಂದ ಇಳಿಸಿಕೊಂಡಿದ್ದರ ನಕಲಿನ ನಕಲು. ಒಳಗಿನ ಕಾಗದದ ಮೇಲೆ ನೀಲಿ ಪೆನ್ನಿನಲ್ಲಿ ಹಾಡುಗಳ ಹೆಸರು ಬರೆದಿದ್ದರು. ಮೂರನೆಯದರಲ್ಲಿ ಅಕ್ಷರ ತಪ್ಪಿ ಅದು 'ರಿವರ್‌ಡೆಲ್' ಆಗಿತ್ತು. ಯಾವುದೋ ಹೊಳೆಯ ಹಾಡಿರಬೇಕು ಎಂದುಕೊಂಡೆ. ಪೂರ್ತಿ ತಪ್ಪೂ ಅಲ್ಲ, ಹಾಡಿನಲ್ಲಿ ಹೊಳೆಯಿದೆ. ಗೆಳೆಯ ದಿನವೂ ಅಲ್ಲೇ ಓಡಿಸಿ ಓಡಿಸಿ ಟೇಪು ಎಳೆದುಹೋಗಿತ್ತು. ಹಾಡಿನ ನಡುವೆ ಒಂದು ಕಡೆ ಗಾಯಕನ ದನಿ ನೀರಿನಲ್ಲಿ ಮುಳುಗಿ ಎದ್ದಂತೆ ಅಲುಗುತ್ತಿತ್ತು. ಅವನಿಲ್ಲದ ಮಧ್ಯಾಹ್ನಗಳಲ್ಲಿ ನಾನು ಕೇಳುತ್ತಿದ್ದ 'ರಿವೆಂಡೆಲ್' ಇಂಥದ್ದು, ನಡುವೆ ಅಲುಗುವ ರಿವೆಂಡೆಲ್.

ಹಾಡು ಕೆನಡಾದ ರಶ್ ತಂಡದ್ದು. 1975ರ ಫೆಬ್ರವರಿಯಲ್ಲಿ ಬಂದ 'ಫ್ಲೈ ಬೈ ನೈಟ್' ಆಲ್ಬಮ್ಮಿನಲ್ಲಿದೆ. ಟೊರಾಂಟೊದ ಈ ಮೂವರ ತಂಡವನ್ನು ಬಲ್ಲವರು ಅವರನ್ನು ನೆನೆಯುವುದು ಬೇರೆಯದಕ್ಕೆ. ಏಳರ ಲೆಕ್ಕದ ಗತಿಗಳು (ನಮ್ಮ ಮಿಶ್ರಛಾಪಿನ ನೆಂಟರು ಎನ್ನಬಹುದು), ಇಡೀ ಒಂದು ಬದಿಯನ್ನು ನುಂಗುವ ಹಾಡುಗಳು, ಗೆಡ್ಡಿ ಲೀಯ ಕಿವಿಗೆ ಚುಚ್ಚುವಂಥ ತಾರಸ್ಥಾಯಿ, ಅಲೆಕ್ಸ್ ಲೈಫ್‌ಸನ್ನನ ಗಿಟಾರ್, ಎಲ್ಲಕ್ಕಿಂತ ಮಿಗಿಲಾಗಿ ನೀಲ್ ಪಿಯರ್ಟ್ ಎಂಬವನ ಡ್ರಮ್ಸ್. ಪಿಯರ್ಟ್ ಸುತ್ತ ಡೋಲು, ತಟ್ಟೆ, ಗಂಟೆಗಳ ಒಂದು ಕೋಟೆಯನ್ನೇ ಕಟ್ಟಿಕೊಂಡು ಕೂರುತ್ತಿದ್ದ. ಅಭಿಮಾನಿಗಳು ಅವನನ್ನು 'ಪ್ರೊಫೆಸರ್' ಎಂದು ಕರೆಯುತ್ತಿದ್ದರು.

ರಿವೆಂಡೆಲ್ ಹಾಡಿನಲ್ಲಿ ಇವು ಯಾವುವೂ ಇಲ್ಲ. ನೈಲಾನ್ ತಂತಿಯ ಗಿಟಾರ್ ಒಂದೇ ಸಮನೆ ಬಿಡಿ ಸ್ವರಗಳನ್ನು ಹೆಣೆಯುತ್ತ ಹೋಗುತ್ತದೆ. ಲೀ ತನ್ನ ಗಂಟಲನ್ನು ಮನೆಯೊಳಗೆ ಮಾತಾಡುವ ಮಟ್ಟಕ್ಕೆ ಇಳಿಸಿಕೊಂಡಿದ್ದಾನೆ. ಡ್ರಮ್ಸ್ ಒಂದೇ ಒಂದು ಪೆಟ್ಟೂ ಇಲ್ಲ. ರಾಗ ಲೀಯದು. ಸಾಹಿತ್ಯ ಬರೆದವನು ಡ್ರಮ್ಮರ್ ಪಿಯರ್ಟ್. ತಾನು ಸುಮ್ಮನೆ ಕೂರಬೇಕಾದ ಹಾಡನ್ನು ತಾನೇ ಬರೆದುಕೊಂಡ.

ಇದನ್ನು ಬ್ಯಾಲಡ್ ಎನ್ನುತ್ತಾರೆ. ಆ ಪದದ ಬಗ್ಗೆ ನನಗೊಂದು ಸಣ್ಣ ತಕರಾರಿದೆ. ಇಂಗ್ಲಿಷಿನಲ್ಲಿ ಅದರ ಹಳೆಯ ಅರ್ಥ ಕಥೆ ಹೇಳುವ ಹಾಡು. ನಮ್ಮ ಲಾವಣಿಯಂತೆ, ಹುಲಿಗೆ ಮಾತು ಕೊಟ್ಟು ಕರುವಿನ ಹತ್ತಿರ ಓಡಿಬರುವ ಗೋವಿನ ಹಾಡಿನಂತೆ. ಅಲ್ಲಿ ಯಾರೋ ಹೊರಡಬೇಕು, ಏನೋ ಆಗಬೇಕು, ಕೊನೆಗೆ ಯಾರಾದರೂ ಅಳಬೇಕು. ರಾಕ್ ಸಂಗೀತದವರು ಆ ಪದವನ್ನು ಎರವಲು ಪಡೆದು, ಗಲಾಟೆಯ ನಡುವೆ ಬರುವ ನಿಧಾನದ ಹಾಡಿಗೆಲ್ಲ ಬ್ಯಾಲಡ್ ಎಂದು ಹೆಸರಿಟ್ಟುಬಿಟ್ಟರು. ರಿವೆಂಡೆಲ್ ಈ ಎರಡನೆಯ ಜಾತಿಯದು. ಇಂಗ್ಲಿಷ್ ಲೇಖಕ ಟೋಲ್ಕಿನ್ನನ 'ಲಾರ್ಡ್ ಆಫ್ ದಿ ರಿಂಗ್ಸ್' ಎಂಬ ಮಹಾಕಥೆಯಿಂದ ಒಂದು ಊರನ್ನು ಮಾತ್ರ ಎತ್ತಿಕೊಂಡು ಕಥೆಯನ್ನು ಅಲ್ಲೇ ಬಿಟ್ಟು ಬಂದಿದೆ. ಹಾಡಿನಲ್ಲಿ ಯಾರೂ ಹೋರಾಡುವುದಿಲ್ಲ, ಉಂಗುರದ ಸುದ್ದಿಯಿಲ್ಲ. ಕತ್ತಲೆಯ ಒಡೆಯನ ಹೆಸರು ಒಮ್ಮೆ ಬರುತ್ತದೆ, ಅದೂ ಅವನು ಇಲ್ಲಿಗೆ ಕಾಲಿಡಲಾರ ಎಂದು ಹೇಳುವುದಕ್ಕೆ.

ಏನೂ ಆಗದ ಹಾಡನ್ನು ಇಪ್ಪತ್ತೆರಡು ವರ್ಷದ ಹುಡುಗ ಯಾಕೆ ಬರೆದ ಎಂದು ನೋಡಲು 1974ರ ಬೇಸಿಗೆಗೆ ಹೋಗಬೇಕು. ರಶ್ ತಂಡದ ಮೊದಲ ಆಲ್ಬಮ್ ಆ ವರ್ಷ ಬಂದಿತ್ತು. ಅಮೆರಿಕದ ಕ್ಲೀವ್‌ಲ್ಯಾಂಡಿನ ಡಬ್ಲ್ಯೂಎಂಎಂಎಸ್ ರೇಡಿಯೋದಲ್ಲಿ ಡೋನಾ ಹಾಲ್ಪರ್ ಎಂಬವರು ಅದರಿಂದ ದುಡಿಯುವವನೊಬ್ಬನ ಹಾಡನ್ನು ಹಾಕಿದರು. ಕಾರ್ಖಾನೆಗಳ ಊರು ಅದು, ಹಾಡು ನೇರ ಎದೆಗೆ ನಾಟಿತು. ಅಮೆರಿಕ ಪ್ರವಾಸದ ಬಾಗಿಲು ತೆರೆಯುವ ಹೊತ್ತಿಗೆ ಮೊದಲ ಡ್ರಮ್ಮರ್ ಜಾನ್ ರಟ್ಸಿ ತಂಡ ಬಿಟ್ಟ. ಸಕ್ಕರೆ ಕಾಯಿಲೆಯ ಆ ಮೈಗೆ ಅಲೆದಾಟ ಒಗ್ಗುವಂತಿರಲಿಲ್ಲ.

ಅವನ ಜಾಗಕ್ಕೆ ಬಂದವನು ಪಿಯರ್ಟ್. ಸೇಂಟ್ ಕ್ಯಾಥರೀನ್ಸ್ ಕಡೆಯ ಹುಡುಗ. ಹದಿನೆಂಟು ದಾಟುತ್ತಿದ್ದಂತೆ ಸಂಗೀತಗಾರನಾಗುತ್ತೇನೆ ಎಂದು ಲಂಡನ್ನಿಗೆ ಹೋದ. ಅಲ್ಲಿ ಕಾರ್ನಬಿ ಬೀದಿಯ ಅಂಗಡಿಯಲ್ಲಿ ಪ್ರವಾಸಿಗರಿಗೆ ಸರ ಉಂಗುರ ಮಾರಿ, ನಿರಾಸೆಯಿಂದ ಊರಿಗೆ ಮರಳಿ, ಅಪ್ಪನ ಜೊತೆ ಕೃಷಿ ಯಂತ್ರಗಳ ಬಿಡಿಭಾಗ ಮಾರುತ್ತಿದ್ದ. 1974ರ ಜುಲೈ 29ರಂದು ತಂಡ ಸೇರಿದ. ಆಗಸ್ಟ್ 14ರಂದು ಪಿಟ್ಸ್‌ಬರ್ಗಿನಲ್ಲಿ ಸಾವಿರಾರು ಜನರೆದುರು ಯೂರೈಯಾ ಹೀಪ್ ತಂಡದ ಕಾರ್ಯಕ್ರಮಕ್ಕೆ ಮುಂಚಿನ ಆಟಕ್ಕೆ ಕೂತಿದ್ದ. ಎರಡೇ ವಾರದ ಅಂತರ. ಟ್ರ್ಯಾಕ್ಟರ್ ಅಂಗಡಿಯಿಂದ ಎದ್ದು ಬಂದವನಿಗೆ ಆಮೇಲಿನ ತಿಂಗಳುಗಳೆಲ್ಲ ಗಾಡಿ, ಹೆದ್ದಾರಿ, ಇನ್ನೊಬ್ಬರ ರಂಗಸ್ಥಳದಲ್ಲಿ ಅರ್ಧ ಗಂಟೆ, ಮತ್ತೆ ಹೆದ್ದಾರಿ.

ಅವನು ಯಾವಾಗಲೂ ಏನಾದರೊಂದು ಓದುತ್ತಿರುತ್ತಾನೆ, ಉಳಿದಿಬ್ಬರಿಗೆ ಸಾಹಿತ್ಯ ಬರೆಯುವುದೆಂದರೆ ಬೇಸರ. ಹಾಗಾಗಿ ಬರೆಯುವ ಕೆಲಸ ಅವನ ಪಾಲಿಗೆ ಬಂತು. ಬರೆದದ್ದರಲ್ಲಿ ಆ ವಯಸ್ಸಿನ ಕಪಾಟು ಹಾಗೇ ಕಾಣುತ್ತದೆ. ಆಲ್ಬಮ್ಮಿನ ಮೊದಲ ಹಾಡು ಅಮೆರಿಕದ ಲೇಖಕಿ ಆಯ್ನ್ ರ್‍ಯಾಂಡ್ ಪ್ರಭಾವದ್ದು, ನಿನಗಾಗಿ ಮಾತ್ರ ಬದುಕು ಎಂದು ಎದೆ ತಟ್ಟುತ್ತದೆ. ಅದೇ ಬದಿಯ ಕೊನೆಯಲ್ಲಿ ಎಂಟು ನಿಮಿಷ ದಾಟುವ ಒಂದು ಭಯಂಕರ ಯುದ್ಧ, ನರಕದ ರಾಜಕುಮಾರನಿಗೂ ಹಿಮದ ನಾಯಿಗೂ. ಈ ಯುದ್ಧದ ಹೆಸರುಗಳು ಹುಟ್ಟಿದ್ದು ತಂಡದ ಮ್ಯಾನೇಜರ್ ಮನೆಯ ಎರಡು ನಾಯಿಗಳಿಂದ, ಒಂದು ಕಚ್ಚುವುದು, ಇನ್ನೊಂದು ಬೆದರುವುದು. ಪ್ರೊಗ್ರೆಸಿವ್ ರಾಕ್ ಸಂಗೀತದ ಪುರಾಣಗಳು ಎಷ್ಟೋ ಸಲ ಇಂಥ ಹಿತ್ತಿಲಿನಲ್ಲೇ ಹುಟ್ಟುತ್ತವೆ.

ಎರಡನೆಯ ಬದಿಯನ್ನು ಮಾತ್ರ ಒಂದೇ ಉಸಿರಿನಲ್ಲಿ ಕೇಳಬೇಕು. ಮೊದಲಿಗೆ ಆಲ್ಬಮ್ಮಿನ ಹೆಸರಿನದೇ ಹಾಡು. ಮನೆ ಬಿಟ್ಟು ಲಂಡನ್ನಿಗೆ ಹೊರಟ ಆ ಹುಡುಗನದು, ಹೊರಡುವ ಹಾಡು. ಎರಡನೆಯದು ಪ್ರವಾಸದ ದಾರಿಯಲ್ಲಿ ನೆನಪುಗಳನ್ನು ಕೂಡಿಹಾಕುತ್ತ ಸಾಗುವ ಹಾಡು. ಮೂರನೆಯದು ರಿವೆಂಡೆಲ್, ನಿಲ್ಲುವ ಹಾಡು. ಯಾರಾದರೂ ಬೇಕೆಂದೇ ಹೀಗೆ ಜೋಡಿಸಿದರೋ ಇಲ್ಲವೋ, ನನ್ನ ಕಿವಿಗಂತೂ ಅದು ಒಂದೇ ಪ್ರಯಾಣ. ನನ್ನ ಗೆಳೆಯ ಫಾರ್ವರ್ಡ್ ಒತ್ತಿದಾಗಲೆಲ್ಲ ಆ ಪ್ರಯಾಣಿಕ ಮನೆ ಬಿಟ್ಟ, ನಡೆದ, ಇನ್ನೂ ನಡೆಯುತ್ತಲೇ ಇದ್ದ. ಅವನಿಗೆ ಕೂರಲು ಜಾಗವೇ ಸಿಗುತ್ತಿರಲಿಲ್ಲ.

ಟೋಲ್ಕಿನ್ನನ ಲೋಕದೊಳಗೆ ನುಗ್ಗಿದವರಲ್ಲಿ ರಶ್ ಮೊದಲಿನವರೇನಲ್ಲ. 1954 ಮತ್ತು 55ರಲ್ಲಿ ಬಂದ ಅವನ ಮೂರು ಸಂಪುಟಗಳ ಮಹಾಕಥೆ 1965ರಲ್ಲಿ ಅಮೆರಿಕದಲ್ಲಿ ಅಗ್ಗದ ಪ್ರತಿಗಳಾಗಿ ಬಂದ ಮೇಲೆ ಉದ್ದಕೂದಲಿನ ಹುಡುಗರ ಚೀಲಗಳಲ್ಲೆಲ್ಲ ಅದೇ. ಲೆಡ್ ಜೆಪ್ಲಿನ್ 1969ರಲ್ಲೇ ಕತ್ತಲೆಯ ಒಡೆಯನ ನಾಡಾದ ಮೊರ್ಡೋರಿಗೆ ಹೋಗಿ ಬಂದಿತ್ತು. ಆ ಹಾಡಿನ ನಾಯಕ ಅಲ್ಲೊಬ್ಬ ಚೆಲುವೆಯನ್ನು ಕಾಣುತ್ತಾನೆ, ಗೊಲ್ಲಮ್ ಬಂದು ಅವಳನ್ನು ಎತ್ತಿಕೊಂಡು ಹೋಗುತ್ತಾನೆ. ಕಾದಂಬರಿಯಲ್ಲಿ ಉಂಗುರವೊಂದಕ್ಕೇ ಹಾತೊರೆಯುವ ಗೊಲ್ಲಮ್ಮನಿಗೆ ಹೆಣ್ಣಿನ ಚಿಂತೆ! ಕಾದಂಬರಿ ಓದಿದ ಯಾರೂ ಇದಕ್ಕೆ ನಗದಿರಲಾರರು. ಸ್ವೀಡನ್ನಿನ ಬೂ ಹಾನ್ಸನ್ 1970ರಲ್ಲಿ ಇಡೀ ಆಲ್ಬಮ್ಮನ್ನೇ ಆ ಕಥೆಗೆ ಮೀಸಲಿಟ್ಟ. ಇಂಗ್ಲೆಂಡಿನ ಕ್ಯಾಮೆಲ್ ತಂಡ 1974ರಲ್ಲಿ ಬಿಳಿಯ ಸವಾರನ ಮೇಲೆ ಹಾಡು ಕಟ್ಟಿತು. ಎಲ್ಲರಿಗೂ ಬೇಕಾಗಿದ್ದದ್ದು ಮಂತ್ರವಾದಿಗಳು, ಮೆರವಣಿಗೆ, ಕತ್ತಲೆ, ಕುದುರೆ.

ಟೋಲ್ಕಿನ್ 1973ರ ಸೆಪ್ಟೆಂಬರಿನಲ್ಲಿ ತೀರಿಕೊಂಡ, ರಶ್ ತಂಡದ ಹಾಡು ಅವನ ಕಿವಿಗೆ ಬೀಳಲಿಲ್ಲ. ಬಿದ್ದಿದ್ದರೆ ಏನೆನ್ನುತ್ತಿದ್ದನೋ. 1964ರಲ್ಲಿ ಬರೆದ ಒಂದು ಪತ್ರದಲ್ಲಿ ಅವನು, ತನ್ನ ಮನೆಯ ಹತ್ತಿರ ಬೀಟಲ್ಸ್ ಥರದ ತಂಡವಾಗಲು ಹೊರಟ ಹುಡುಗನೊಬ್ಬನಿದ್ದಾನೆ, ಅಭ್ಯಾಸದ ಸರದಿ ಅವನ ಮನೆಗೆ ಬಂದ ದಿನ ಆ ಗದ್ದಲ ಹೇಳತೀರದು ಎಂದು ಗೋಳು ತೋಡಿಕೊಂಡಿದ್ದಾನೆ. ಫಾರ್ವರ್ಡ್ ಗುಂಡಿ ಅವನ ಕೈಗೆ ಸಿಕ್ಕಿದ್ದರೆ ನನ್ನ ಗೆಳೆಯ ಓಡಿಸುತ್ತಿದ್ದದ್ದನ್ನು ಉಳಿಸಿ ಮಿಕ್ಕದ್ದನ್ನೆಲ್ಲ ಓಡಿಸುತ್ತಿದ್ದನೇನೋ.

ಕಾದಂಬರಿಯಲ್ಲಿ ರಿವೆಂಡೆಲ್ ಎಂದರೆ ಮಂಜಿನ ಬೆಟ್ಟಗಳ ಬುಡದಲ್ಲಿ ಬಂಡೆಗಳ ಸೀಳಿನೊಳಗೆ ಅಡಗಿದ ಕಣಿವೆ. ಹೆಸರಿನ ಅರ್ಥವೇ ಸೀಳು ಕಣಿವೆ. ದಾರಿ ಬಲ್ಲವನಿಗೂ ಅಂಚಿಗೆ ಬಂದು ನಿಲ್ಲುವ ತನಕ ಕಾಣುವುದಿಲ್ಲ. ಅಲ್ಲಿ ಎಲ್ಫ್ ಎಂಬ ಮುಪ್ಪಿಲ್ಲದ ಕುಲದ ಒಡೆಯ ಎಲ್ರಾಂಡನ ಮನೆ. ಟೋಲ್ಕಿನ್ ಹತ್ತೊಂಬತ್ತರ ಹುಡುಗನಾಗಿದ್ದಾಗ, 1911ರಲ್ಲಿ, ಬೆನ್ನಿಗೆ ಮೂಟೆ ಹೊತ್ತು ಸ್ವಿಟ್ಜರ್ಲೆಂಡಿನ ಬೆಟ್ಟಗಳಲ್ಲಿ ಗುಂಪಿನೊಂದಿಗೆ ನಡೆದಿದ್ದ. ಕಡಿದಾದ ಬಂಡೆಗೋಡೆಗಳಿಂದ ಜಲಪಾತಗಳು ಬೀಳುವ ಲೌಟರ್‌ಬ್ರುನ್ನೆನ್ ಕಣಿವೆ ಆ ದಾರಿಯಲ್ಲಿತ್ತು. ಹಾಬಿಟ್ ಎಂಬ ಗಿಡ್ಡ ಕುಲದ ಅವನ ಕಥಾನಾಯಕ ಬಿಲ್ಬೊ ರಿವೆಂಡೆಲ್‌ನಿಂದ ಬೆಟ್ಟ ದಾಟುವ ಪ್ರಯಾಣಕ್ಕೆ ಆ ನಡಿಗೆಯೇ ಮೂಲ ಎಂದು ಮುಂದೆ ಅವನೇ ಬರೆದ. ಅವನು ಬಿಡಿಸಿದ ರಿವೆಂಡೆಲ್ ಚಿತ್ರವನ್ನೂ ಆ ಕಣಿವೆಯ ಫೋಟೊವನ್ನೂ ಪಕ್ಕಪಕ್ಕ ಇಟ್ಟರೆ ಹೆಚ್ಚು ಹೇಳಬೇಕಾಗಿಲ್ಲ.

1937ರ 'ಹಾಬಿಟ್' ಕಾದಂಬರಿಯಲ್ಲಿ ಬಿಲ್ಬೊ ಮತ್ತು ಕುಳ್ಳರ ತಂಡ ಮೊದಲ ಸಲ ಈ ಮನೆಗೆ ಬರುತ್ತದೆ. ಅಲ್ಲಿ ಟೋಲ್ಕಿನ್, ಕಥೆಗಾರರೆಲ್ಲ ಒಳಗೊಳಗೇ ಬಲ್ಲ, ಬಾಯಿಬಿಟ್ಟು ಹೇಳದ ಸತ್ಯವೊಂದನ್ನು ಹೇಳಿಬಿಡುತ್ತಾನೆ: ಸುಖವಾಗಿ ಕಳೆದ ದಿನಗಳ ಬಗ್ಗೆ ಹೇಳಲು ಹೆಚ್ಚೇನೂ ಇರುವುದಿಲ್ಲ, ಕೇಳಲೂ ಇರುವುದಿಲ್ಲ, ಎದೆ ನಡುಗಿಸುವ ಸಂಗತಿಗಳಾದರೆ ಒಳ್ಳೆಯ ಕಥೆಯಾಗುತ್ತವೆ. ಆ ತಂಡ ಅಲ್ಲಿ ಕಡಿಮೆಯೆಂದರೂ ಹದಿನಾಲ್ಕು ದಿನ ಉಳಿಯಿತಂತೆ. ಕಾದಂಬರಿಯಲ್ಲಿ ಅದಕ್ಕೆ ಸಿಕ್ಕ ಜಾಗ ಕೆಲವೇ ಪುಟ. ಅಧ್ಯಾಯದ ಹೆಸರೇ ಕಿರು ವಿಶ್ರಾಂತಿ. ಹದಿನಾಲ್ಕು ದಿನಗಳನ್ನು ಹೀಗೆ ಮಡಚಿ ಕಿಸೆಗಿಟ್ಟುಕೊಂಡು ಅವನು ಬೆಟ್ಟದ ಕಡೆ ಹೊರಟುಬಿಡುತ್ತಾನೆ, ಅಲ್ಲಿ ಗಾಬ್ಲಿನ್‌ಗಳು ಕಾಯುತ್ತಿವೆ.

ಪಿಯರ್ಟ್ ಹೋಗಿ ಕೂತದ್ದು ಈ ಮಡಚಿಟ್ಟ ದಿನಗಳೊಳಗೆ. ಕಥೆಗಾರನಿಗೆ ಬೇಡವಾದ ಹದಿನಾಲ್ಕು ದಿನ ಹೆದ್ದಾರಿಯಲ್ಲಿ ದಣಿದವನಿಗೆ ಬೇಕಾಗಿತ್ತು. ಎಲೆಗಳ ನಡುವಿನ ಬಿಸಿಲು, ಹುಲ್ಲಿನ ಮೇಲೆ ಮಲಗಿದಾಗ ಮುಖಕ್ಕೆ ತಾಗುವ ಬೆಚ್ಚಗೆ, ಸಿಹಿ ದ್ರಾಕ್ಷಾರಸ, ಮಂದ ಬೆಳಕು, ಹೊಳೆಯ ಸದ್ದು. ಈ ಸಾಲುಗಳು ಕವಿತೆಯಾಗಿ ಮೇಲಿನ ದರ್ಜೆಯವಲ್ಲ. ಶುಭಾಶಯ ಪತ್ರದ ಅಂಗಡಿಯ ಗಾಳಿ ಅವುಗಳ ಮೇಲೆ ಸುಳಿದಿದೆ. ಪಿಯರ್ಟ್ ಮುಂದೆ ಬರೆದ ಎಷ್ಟೋ ಹಾಡುಗಳ ಎದುರು ಇದು ಶಾಲೆಯ ಹುಡುಗನ ಅಕ್ಷರ. ರಶ್ ಅಭಿಮಾನಿಗಳ ನಡುವೆ ಈ ಹಾಡಿನ ಹೆಸರೆತ್ತಿದಾಗ ಆಕಳಿಕೆ ಬಂದವರ ಹಾಗೆ ನಟಿಸಿದವರನ್ನು ನಾನೇ ಕಂಡಿದ್ದೇನೆ. ಅವರೊಡನೆ ನಾನು ಜಗಳಕ್ಕೆ ನಿಲ್ಲುವುದಿಲ್ಲ. ಆದರೆ ಹಾಡಿನೊಳಗೆ ಒಂದು ತೊಡಕಿದೆ, ಆಕಳಿಸುವವರು ಅಲ್ಲಿಯ ತನಕ ಹೋಗಿರುವುದಿಲ್ಲ.

ಶುರುವಿನಲ್ಲಿ ಹಾಡು ನಿನಗೆ ಹೇಳುತ್ತದೆ, ಇಲ್ಲಿ ಕಾಲ ನಿನ್ನನ್ನು ಮುಟ್ಟಲಾರದು ಎಂದು. ನಡುವೆ ನಿಧಾನವಾಗಿ 'ನೀನು' ಹಿಂದೆ ಸರಿದು 'ನಾನು' ಬರುತ್ತದೆ, ಎಷ್ಟೋ ಮೈಲಿ ನಡೆದು ಬಂದವನು, ಗೆಳೆಯರ ನಗುಮುಖ ಕಂಡವನು. ಆಮೇಲೆ 'ನಾವು', ಒಂದೊಂದು ದಿನವನ್ನೂ ಒಂದೊಂದು ಋತುವನ್ನೂ ಜೋಪಾನ ಮಾಡುವವರು. ಕಾಲ ಮುಟ್ಟದ ಜಾಗದಲ್ಲಿ ಋತುಗಳು ಎಲ್ಲಿಂದ ಬಂದವು? ಜಗತ್ತು ಕರೆಯುವ ತನಕ ಇಲ್ಲಿ ನಿಲ್ಲು ಎಂಬ ಮಾತು ಬರುತ್ತದೆ. ಕಟ್ಟಕಡೆಗೆ ಹಾಡುವವನು, ಇದೇ ನಾನು ಮುದುಕನಾಗಬೇಕಾದ ಜಾಗ, ಕೊನೆಯ ದಿನದ ತನಕ ಇರಬೇಕಾದ ಜಾಗ ಎನ್ನುತ್ತಾನೆ. ಐದು ನಿಮಿಷದ ಹಾಡು ಅಮರತ್ವದಲ್ಲಿ ಶುರುವಾಗಿ ಮುಪ್ಪಿನಲ್ಲಿ ಮುಗಿಯುತ್ತದೆ.

ಇದು ಹುಡುಗನೊಬ್ಬನ ಅಜಾಗರೂಕತೆ ಎಂದು ಬಹಳ ಕಾಲ ನಂಬಿದ್ದೆ. ಮೂರು ಸಂಪುಟಗಳ ಆ ಮಹಾಕಥೆಯನ್ನು ಎರಡನೆಯ ಸಲ ಓದುವಾಗ ಬಿಲ್ಬೊ ಎದುರಾದ. ನೂರಾ ಹನ್ನೊಂದನೆಯ ಹುಟ್ಟುಹಬ್ಬ ಮುಗಿಸಿ ಊರು ಬಿಟ್ಟ ಆ ಹಾಬಿಟ್ ಬಂದು ನೆಲೆಸಿದ್ದು ರಿವೆಂಡೆಲ್‌ನಲ್ಲಿ. ಹದಿನೇಳು ವರ್ಷಗಳ ಮೇಲೆ ಗಾಯಗೊಂಡು ಅಲ್ಲಿಗೆ ಬರುವ ತನ್ನ ವಾರಸುದಾರ ಫ್ರೋಡೊನಿಗೆ ಅವನು, ಇಲ್ಲಿ ಕಾಲ ಸರಿಯುವುದೇ ತಿಳಿಯುವುದಿಲ್ಲ, ಸುಮ್ಮನೆ ಇರುತ್ತದೆ ಎಂಬ ಅರ್ಥದ ಮಾತಾಡುತ್ತಾನೆ. ಹಾಗೆ ಹೇಳುವ ಬಿಲ್ಬೊ ಬೆಂಕಿಯ ಎದುರು ತೂಕಡಿಸುತ್ತಾನೆ, ಹಾಡು ಕಟ್ಟುತ್ತಾನೆ, ಪುಸ್ತಕ ಮುಗಿಸಲಾಗದೆ ಒದ್ದಾಡುತ್ತಾನೆ, ತಾನು ಹಿಂದೆ ಇಟ್ಟುಕೊಂಡಿದ್ದ ಉಂಗುರ ನಾಶವಾದ ಮೇಲೆ ಕಣ್ಣೆದುರೇ ಹಣ್ಣಾಗುತ್ತಾನೆ. ಎಲ್ರಾಂಡ್‌ನ ಕೈಯ ಬೇರೊಂದು ಉಂಗುರದ ಬಲದಿಂದ ಬಾಡದೆ ನಿಂತ ಕಣಿವೆಯಲ್ಲಿ ಮುದುಕನಾಗುವ ಒಂದೇ ಜೀವ ಅಂದರೆ ಆ ನೆಂಟ. ಎಲ್ಫ್‌ಗಳಿಗೆ ಕಾಲ ತಟ್ಟುವುದಿಲ್ಲ, ಬಂದವನಿಗೆ ತಟ್ಟುತ್ತದೆ. ಪಿಯರ್ಟ್ ಬಿಲ್ಬೊನನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದನೆಂದು ನಾನು ಹೇಳುತ್ತಿಲ್ಲ. ಹಾಡನ್ನು ಬಿಲ್ಬೊನ ಬಾಯಲ್ಲಿಟ್ಟು ಕೇಳಿದ ಮೇಲೆ ಆ ತೊಡಕು ನನಗೆ ತೊಡಕಾಗಿ ಕಾಣಲಿಲ್ಲ, ಅಷ್ಟೆ.

ಇಲ್ಲಿ ನನ್ನ ಸೋದರಮಾವನ ಪ್ರಸಂಗ ಹೇಳಬೇಕು. ಸಾಗರದ ಕಡೆಯ ಹಳ್ಳಿ, ಅಜ್ಜನ ಮನೆ. ಮಾವನಿಗೆ ಅಡಿಕೆ ತೋಟ ಹೊಟ್ಟೆಪಾಡು, ಚೆಂಡೆ ಹುಚ್ಚು. ಮೇಳಕ್ಕೆ ಸೇರಿದವನಲ್ಲ, ಸುತ್ತಿನ ಊರುಗಳ ಆಟಕ್ಕೆ ಹೇಳಿ ಕಳಿಸಿದರೆ ಹೋಗುತ್ತಿದ್ದ. ಬಡಗುತಿಟ್ಟಿನ ಯಕ್ಷಗಾನದಲ್ಲಿ ಚೆಂಡೆ ಎಲ್ಲದಕ್ಕೂ ಬಾರಿಸುವ ವಾದ್ಯವಲ್ಲ. ಒಡ್ಡೋಲಗಕ್ಕೆ, ವೀರಕ್ಕೆ, ಯುದ್ಧಕ್ಕೆ ಅದು ಬೇಕು. ದಮಯಂತಿ ಕಾಡಿನಲ್ಲಿ ಒಂಟಿಯಾದಾಗ, ಚಂದ್ರಮತಿ ಮಗನ ಹೆಣದ ಮುಂದೆ ಕೂತಾಗ ಭಾಗವತರ ಪದ್ಯಕ್ಕೆ ಮದ್ದಳೆ ಮಾತ್ರ. ಆಗ ಮಾವ ಕೋಲುಗಳನ್ನು ಜೋಡಿಸಿ ಚೆಂಡೆಯ ಮೇಲಿಟ್ಟು, ಕವಳದ ಚೀಲ ಬಿಚ್ಚುತ್ತಿದ್ದ. ಅವನು ಆ ಹೊತ್ತಿನಲ್ಲಿ ನಿದ್ದೆ ಮಾಡುತ್ತಾನೆ ಎಂದು ನಾವು ಮಕ್ಕಳು ನಂಬಿದ್ದೆವು. ಒಮ್ಮೆ ಹತ್ತಿರ ಕೂತು ನೋಡಿದೆ. ಎಲೆಗೆ ಸುಣ್ಣ ಹಚ್ಚುವ ಬೆರಳು ಪದ್ಯದ ತಾಳಕ್ಕೇ ಹೋಗುತ್ತಿತ್ತು.

ಹಾಸ್ಟೆಲಿನಿಂದ ರಜೆಗೆ ಹೋದಾಗ ವಾಕ್‌ಮನ್ ಒಯ್ದಿದ್ದೆ. ನೀನು ಕಿವಿಗೆ ಸಿಕ್ಕಿಸಿಕೊಂಡು ಏನು ಕೇಳುತ್ತೀಯ ಮಾಣಿ ಎಂದು ಮಾವ ಕೇಳಿದ. ಮೊದಲು ನಾಯಿ ಯುದ್ಧದ ಹಾಡು ಹಾಕಿದೆ, ಡ್ರಮ್ಸ್ ಮೆಚ್ಚಲಿ ಎಂದು. ಹುಬ್ಬೇರಿಸಿ ಕೇಳಿ, ಕೈ ಚುರುಕಾಗಿದೆ ಎಂದ. ಆಮೇಲೆ ರಿವೆಂಡೆಲ್. ಅಲುಗುವ ಜಾಗದಲ್ಲಿ ಮುಖ ಕಿವಿಚಿದ, ಆದರೂ ಕೊನೆಯ ತನಕ ಕೇಳಿ ಕಿವಿಯಿಂದ ತೆಗೆದ.

"ಇದರಲ್ಲಿ ಚೆಂಡೆಯವನು ಎಲ್ಲಿ ಹೋದ?"

"ಅವನೇ ಪದ್ಯ ಬರೆದದ್ದು ಮಾವ."

"ಹಾಗಾದರೆ ಈ ಹಾಡಿಗೆ ಅವನಿಗೆ ಸಂಬಳ ಕೊಟ್ಟರೋ ಇಲ್ಲವೋ?"

ಅತ್ತೆ ಒಳಗಿನಿಂದಲೇ ನಕ್ಕಳು. ಅಂದಿನಿಂದ ನಮ್ಮಿಬ್ಬರ ನಡುವೆ ನೀಲ್ ಪಿಯರ್ಟ್ 'ಸಂಬಳ ಸಿಗದವನು'.

ಆ ಮನೆಯಲ್ಲಿ ಯಾರೇ ಮೆಟ್ಟಿಲು ಹತ್ತಿದರೂ ಮೊದಲು ಕೇಳುವುದು 'ಆಸರಿಗೆ ಏನು ಬೇಕು' ಎಂದು. ನೀರು ಬೆಲ್ಲವೋ, ಮಜ್ಜಿಗೆಯೋ, ಕಷಾಯವೋ. ಆಸರು ಎಂದರೆ ನಮ್ಮ ಕಡೆ ಬಾಯಾರಿಕೆ. ಆಸರು ಬೇಸರು ಎಂದು ಜೋಡಿಸಿ ಹೇಳುವಾಗ ಅದೇ ಪದ ದಣಿವು ಎಂಬ ಹಳೆಯ ಅರ್ಥವನ್ನು ಉಳಿಸಿಕೊಂಡಿದೆ. ಬಂದವನ ದಣಿವನ್ನೇ ಹೆಸರಿಟ್ಟು, ಅದಕ್ಕೆ ಏನು ಕೊಡಲಿ ಎಂದು ಕೇಳುವ ಮಾತು. ಎಲ್ರಾಂಡ್‌ನ ಮನೆಯ ವರ್ಣನೆ ಓದುವಾಗ ನನಗೆ ಬೆಳ್ಳಿಯ ಕಮಾನುಗಳು ಕಾಣುವುದಿಲ್ಲ, ಜಗುಲಿಯ ಮೇಲಿನ ತಂಬಿಗೆ ಕಾಣುತ್ತದೆ. ಓದುಗನ ತಪ್ಪು ಇರಬಹುದು. ಆಕ್ಸ್‌ಫರ್ಡಿನ ಪ್ರಾಧ್ಯಾಪಕ ಕ್ಷಮಿಸಲಿ.

ರಶ್ ತಂಡಕ್ಕೆ ಮಾತ್ರ ಆ ಕಣಿವೆಯಲ್ಲಿ ಹೆಚ್ಚು ದಿನ ಇರಲು ಆಗಲಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬಂದ ಮುಂದಿನ ಆಲ್ಬಮ್ಮಿನಲ್ಲಿ ಮಂತ್ರವಾದಿಯ ಮೇಲೆ ಹನ್ನೆರಡು ನಿಮಿಷ ದಾಟುವ ಕಥಾನಕ ಮಾಡಿದರು, ಇನ್ನೊಂದು ಬದಿ ತುಂಬ ಒಂದೇ ಹಾಡು. ಮಂತ್ರವಾದಿಯ ಕಥೆಯಲ್ಲಿ 'ವಿಲೋ ಡೇಲ್' ಎಂಬಲ್ಲಿಂದ ಮೂವರು ಪ್ರಯಾಣಿಕರು ಹೊರಡುತ್ತಾರೆ. ವಿಲೋಡೇಲ್ ಎಂದರೆ ಲೀ ಮತ್ತು ಲೈಫ್‌ಸನ್ ಬೆಳೆದ ಟೊರಾಂಟೊದ ಬಡಾವಣೆ. ಆ ಆಲ್ಬಮ್ ಮಾರಾಟವಾಗಲಿಲ್ಲ, ಆ ಪ್ರವಾಸಕ್ಕೆ ಅವರೇ 'ಮೋರಿಗೆ ಇಳಿದ ಪ್ರವಾಸ' ಎಂಬಂಥ ಹೆಸರಿಟ್ಟುಕೊಂಡು ನಕ್ಕರು. 1976ರ '2112' ಅವರನ್ನು ಎತ್ತಿ ನಿಲ್ಲಿಸಿತು. ಟೋಲ್ಕಿನ್ ಅಲ್ಲಿಗೆ ಹಿಂದೆ ಬಿದ್ದ.

ಆಮೇಲಿನ ಪಿಯರ್ಟ್‌ನ ಬದುಕು ಗೊತ್ತಾದ ಮೇಲೆ ಈ ಹಾಡನ್ನು ಮೊದಲಿನಂತೆ ಕೇಳಲಾಗಲಿಲ್ಲ. 1997ರ ಆಗಸ್ಟಿನಲ್ಲಿ ಅವನ ಒಬ್ಬಳೇ ಮಗಳು ಸೆಲೀನಾ ಹತ್ತೊಂಬತ್ತರ ವಯಸ್ಸಿನಲ್ಲಿ ಕಾರು ಅಪಘಾತದಲ್ಲಿ ಹೋದಳು. ಹತ್ತು ತಿಂಗಳಿಗೆ ಹೆಂಡತಿ ಜ್ಯಾಕ್ಲಿನ್ ಕ್ಯಾನ್ಸರಿನಿಂದ ಹೋದಳು. ಇನ್ನು ನನ್ನನ್ನು ನಿವೃತ್ತನೆಂದುಕೊಳ್ಳಿ ಎಂದು ಅವನು ಗೆಳೆಯರಿಗೆ ಹೇಳಿದ್ದ. ಕ್ವಿಬೆಕ್‌ನಲ್ಲಿ ಸರೋವರದ ದಡದಲ್ಲಿ ಅವನಿಗೊಂದು ಮನೆಯಿತ್ತು. ಮರಗಳು, ನೀರು, ಮೌನ, ಇಪ್ಪತ್ತೆರಡರಲ್ಲಿ ಹಾಡಿನೊಳಗೆ ಕೇಳಿಕೊಂಡಿದ್ದೆಲ್ಲ ಇದ್ದ ಮನೆ. ಅಲ್ಲಿ ಕೂರಲು ಅವನಿಂದಾಗಲಿಲ್ಲ. ಬೈಕು ಹತ್ತಿ ಹೊರಟ. ಕೆನಡಾ, ಅಲಾಸ್ಕಾ, ಅಮೆರಿಕ, ಮೆಕ್ಸಿಕೊ, ಬೆಲೀಜ್ ಎಂದು ಸುಮಾರು 55,000 ಮೈಲಿ, ಅಂದರೆ 88,000 ಕಿಲೋಮೀಟರ್ ಸುತ್ತಿದ. 2002ರಲ್ಲಿ ಅದರ ಕಥನ ಪುಸ್ತಕವಾಗಿ ಬಂತು. ಅದರಲ್ಲಿ ಅವನು ತನ್ನೊಳಗಿನ ಜೀವವನ್ನು ರಚ್ಚೆ ಹಿಡಿದ ಹಸುಗೂಸಿಗೆ ಹೋಲಿಸುತ್ತಾನೆ. ಎತ್ತಿಕೊಂಡು ಓಡಾಡಿದರೆ ಸುಮ್ಮನಾಗುತ್ತದೆ, ನಿಂತರೆ ಅಳುತ್ತದೆ.

ನಿಲ್ಲುವ ಜಾಗದ ಹಾಡು ಬರೆದವನಿಗೆ ನಿಲ್ಲುವುದೇ ನೋವಾಯಿತು. ಆ ಪುಸ್ತಕ ಓದಿದ ವಾರ ನಾನು ಮತ್ತೆ ರಿವೆಂಡೆಲ್ ಹಾಕಿದೆ, ಈ ಬಾರಿ ಸಿ.ಡಿ.ಯಲ್ಲಿ. ಆಗ ಮೊದಲ ಸಲ ಅದರ ಗಿಟಾರಿನ ನಡೆ ಕಿವಿಗೆ ಬಿತ್ತು. ಎಲ್ಲಿಯೂ ನಿಲ್ಲದೆ, ಹಿಂದಕ್ಕೂ ಮುಂದಕ್ಕೂ ಅದೇ ಅಳತೆಯಲ್ಲಿ ತೂಗುತ್ತಿತ್ತು. ಹುಲ್ಲಿನ ಮೇಲೆ ಮಲಗಿದವನ ಹಾಡೆಂದು ನಾನು ತಿಳಿದದ್ದರ ಕೆಳಗೆ ತೊಟ್ಟಿಲೊಂದು ಆಡುತ್ತಲೇ ಇತ್ತು. ಪಿಯರ್ಟ್ ಆ ಅಲೆದಾಟದಿಂದ ಮರಳಿದ, ಮತ್ತೆ ಮದುವೆಯಾದ, ಮತ್ತೊಬ್ಬಳು ಮಗಳು ಹುಟ್ಟಿದಳು, ಇನ್ನೂ ಹಲವು ವರ್ಷ ನುಡಿಸಿದ. 2015ರ ಆಗಸ್ಟ್ 1ರಂದು ಲಾಸ್ ಏಂಜಲೀಸಿನಲ್ಲಿ ಕೊನೆಯ ಕಾರ್ಯಕ್ರಮ. ಅಂದು ಮಾತ್ರ ತನ್ನ ವಾದ್ಯದ ಕೋಟೆಯಿಂದ ಇಳಿದು ರಂಗದ ಮುಂದಕ್ಕೆ ಬಂದು ಗೆಳೆಯರಿಬ್ಬರ ಹೆಗಲ ಮೇಲೆ ಕೈ ಹಾಕಿದ.

2020ರ ಜನವರಿ 7ರಂದು ಮಿದುಳಿನ ಕ್ಯಾನ್ಸರಿನಿಂದ ತೀರಿಕೊಂಡ. ಮೂರು ವರ್ಷಕ್ಕೂ ಮಿಕ್ಕಿ ಹೊತ್ತುಕೊಂಡಿದ್ದ ಕಾಯಿಲೆಯ ಗುಟ್ಟನ್ನು ಹತ್ತಿರದವರು ಬಿಟ್ಟುಕೊಟ್ಟಿರಲಿಲ್ಲ. ಸುದ್ದಿ ಹೊರಬಂದಾಗ ಅಲ್ಲಿ 10ನೆಯ ತಾರೀಖು, ನಮ್ಮಲ್ಲಿ ರಾತ್ರಿ ಕಳೆದು ಶನಿವಾರ. ಬೆಳಗ್ಗೆ ಹಾಸ್ಟೆಲಿನ ಗೆಳೆಯನಿಂದ ಸಂದೇಶ ಬಂದಿತ್ತು, ಮಾತೇನಿಲ್ಲ, ಒಂದು ಹಾಡಿನ ಕೊಂಡಿ. ಒತ್ತಿ ನೋಡಿದರೆ ರಿವೆಂಡೆಲ್. ಇಪ್ಪತ್ತೈದು ವರ್ಷದ ನಂತರ ತಪ್ಪು ಕಾಣಿಕೆ ಹಾಕುವವನಂತೆ ಕಳಿಸಿದ್ದ. ಮೊಬೈಲಿನಲ್ಲಿ ಹಾಡು ಕನ್ನಡಿಯಷ್ಟು ತಿಳಿ. ಮೂರನೆಯ ಚರಣದ ಹತ್ತಿರ ಬರುತ್ತಿದ್ದಂತೆ ನಾನು ಆ ಅಲುಗಾಟಕ್ಕೆ ಕಾದೆ, ಬರಲಿಲ್ಲ.

ಮಾವನಿಗೆ ಫೋನ್ ಮಾಡಿದೆ. ಕೊಯ್ಲಿನ ಸಮಯ, ಹಿಂದೆ ಅಡಿಕೆ ಸುಲಿಯುವವರ ಮಾತು ಕೇಳುತ್ತಿತ್ತು.

"ಮಾವ, ಸಂಬಳ ಸಿಗದವನು ಹೋಗಿಬಿಟ್ಟ."

ಯಾರೆಂದು ಹೊಳೆಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. "ವಯಸ್ಸೆಷ್ಟು?" ಎಂದ.

"ಅರವತ್ತೇಳು."

"ನನಗಿಂತ ನಾಲ್ಕು ವರ್ಷ ಚಿಕ್ಕವನು." ಮತ್ತೆ ಸುಲಿಯುವವರ ಸದ್ದು. "ಆ ಪದ್ಯ ಇನ್ನೂ ಇದೆಯೋ ನಿನ್ನ ಹತ್ತಿರ?"

ಇದೆ ಎಂದೆ.

"ಬರುವಾಗ ತೆಗೆದುಕೊಂಡು ಬಾ" ಎಂದವನು, ಹಂಡೆಯ ಕೆಳಗೆ ಬೆಂಕಿ ಆರುತ್ತಿದೆ ಎಂದು ಫೋನ್ ಇಟ್ಟ.